ಮೆದುಳಿಗೆ ಚಿಪ್ ಜೋಡಿಸಿದರೆ ಕಾಯಿಲೆ ವಾಸಿಯಾಗುತ್ತಾ? ಅದು ನಮ್ಮ ಯೋಚನೆಯನ್ನೂ ಓದುತ್ತಾ?

ನಾನು ಬಯೋಮೆಡಿಕಲ್ ಎಂಜಿನಿಯರಿಂಗ್ ಓದಿದವನು, ಡಾಕ್ಟರ್ ಅಲ್ಲ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ವಾಸಿಯಾಗುವುದು ಕಡಿಮೆ, ಹತೋಟಿಗೆ ಬರುವುದೇ ಜಾಸ್ತಿ.

ಇದು ಹೊಸದೇನಲ್ಲ. 1987ರಲ್ಲೇ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಮೆದುಳಿನ ಶಸ್ತ್ರಚಿಕಿತ್ಸಕ ಬೆನಾಬಿಡ್ ಅವರ ತಂಡ ಮೆದುಳಿನ ಆಳಕ್ಕೆ ವಿದ್ಯುತ್ ಮಿಡಿತ ಕೊಟ್ಟು ಕೈ ನಡುಕ ನಿಲ್ಲಿಸಿತ್ತು. ಕೈಕಾಲು ನಡುಗುವ ಪಾರ್ಕಿನ್ಸನ್ ಕಾಯಿಲೆ ಇರುವವರಿಗೆ ಈಗಲೂ ಇದನ್ನು ಮಾಡುತ್ತಾರೆ. ತಲೆಬುರುಡೆಯ ಒಳಗೆ ತೆಳು ತಂತಿ. ಅದು ಚರ್ಮದಡಿಯಲ್ಲೇ ಕತ್ತಿನಿಂದ ಇಳಿದು ಎದೆಯ ಹತ್ತಿರದ ಬ್ಯಾಟರಿ ಪೆಟ್ಟಿಗೆ ಸೇರುತ್ತದೆ. ಸೆಕೆಂಡಿಗೆ ಸುಮಾರು 130 ಮಿಡಿತ. ಎಷ್ಟೋ ಸಲ ಆಪರೇಷನ್ ಮಧ್ಯೆ ರೋಗಿ ಎಚ್ಚರವಾಗಿಯೇ ಇರುತ್ತಾರೆ. ಕೈ ಚಾಚಿ ಅಂತ ಡಾಕ್ಟರ್ ಹೇಳುತ್ತಾರೆ, ಕರೆಂಟ್ ಕೊಟ್ಟಾಗ ನಡುಕ ಇಳಿಯುವುದು ಅಲ್ಲೇ ಕಾಣುತ್ತದೆ. ಹಾಗಂತ ಒಳಗಿನ ಕಾಯಿಲೆ ನಿಲ್ಲುವುದಿಲ್ಲ, ಅದು ತನ್ನ ಪಾಡಿಗೆ ಮುಂದುವರಿಯುತ್ತದೆ.

ಯೋಚನೆ ಓದುವ ಭಯ ಸದ್ಯಕ್ಕೆ ಬೇಡ. ಮೈ ಸ್ವಾಧೀನ ಇಲ್ಲದವರಿಗೆ ಹಾಕುವ ಚಿಪ್ ಸಾಮಾನ್ಯವಾಗಿ ಹಿಡಿಯುವುದು ಕೈ ಆಡಿಸುವ ಅಥವಾ ಮಾತಾಡುವ ಪ್ರಯತ್ನವನ್ನು. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕೈ ಆಡದ ವ್ಯಕ್ತಿಯೊಬ್ಬರು ಪೆನ್ನು ಹಿಡಿದು ಬರೆಯುವಂತೆ ಮನಸ್ಸಿನಲ್ಲೇ ಪ್ರಯತ್ನಿಸಿ ನಿಮಿಷಕ್ಕೆ 90 ಅಕ್ಷರ ಪರದೆಯ ಮೇಲೆ ಮೂಡಿಸಿದರು. ಅದಕ್ಕೆ ಮೊದಲು ಪ್ರತಿ ಅಕ್ಷರವನ್ನೂ ಮತ್ತೆ ಮತ್ತೆ ‘ಬರೆದು’ ಕಂಪ್ಯೂಟರಿಗೆ ಕಲಿಸಬೇಕಾಗಿತ್ತು. ಸುಮ್ನೆ ಕೂತವರ ಗುಟ್ಟು ಅದಕ್ಕೆ ಸಿಗಲ್ಲ.

ನನ್ನ ಪ್ರಕಾರ ನಿಜವಾದ ತಲೆನೋವು ಕಂಪ್ಯೂಟರಿನದಲ್ಲ, ಮೆದುಳಿನ ಮೆತ್ತನೆಯ ಗುಣದ್ದು. ಅದು ಬೆಣ್ಣೆಯಂತೆ ಮೃದು, ಜೊತೆಗೆ ನಾಡಿ ಬಡಿದಂತೆಲ್ಲ ಅಲುಗಾಡುತ್ತದೆ. ಗಟ್ಟಿ ಸೂಜಿ ಇಟ್ಟರೆ ಸುತ್ತ ಗಾಯದ ಕಲೆ ಕಟ್ಟಿಕೊಂಡು ಸಂಕೇತ ಮಂಕಾಗುತ್ತದೆ. ಬಾಗುವ ಎಳೆಗಳಿಗೂ ತೊಂದರೆ ತಪ್ಪಿಲ್ಲ. 2024ರಲ್ಲಿ ನ್ಯೂರಾಲಿಂಕ್ ಎಂಬ ಕಂಪನಿಯ ಮೆದುಳಿನ ಚಿಪ್ ಹಾಕಿಸಿಕೊಂಡ ಮೊದಲ ವ್ಯಕ್ತಿಗೆ ಕೆಲವು ಎಳೆಗಳು ಮೆದುಳಿನಿಂದ ಹಿಂದೆ ಸರಿದಿದ್ದವು. ಆಮೇಲೆ ಸಾಫ್ಟ್‌ವೇರ್ ಬದಲಿಸಿ ಸರಿದೂಗಿಸಿದರು.

ಇನ್ನೊಂದು, ಯಾರೂ ಜಾಸ್ತಿ ಹೇಳದ ವಿಷಯ: ಕಂಪನಿಯೇ ಕೈಬಿಟ್ಟರೆ? ದೃಷ್ಟಿ ಕಳೆದುಕೊಂಡವರ ಕಣ್ಣಿನ ಅಕ್ಷಿಪಟಲಕ್ಕೆ (ರೆಟಿನಾ) ಕೂರಿಸುತ್ತಿದ್ದ ಆರ್ಗಸ್ 2 ಸಾಧನದ ತಯಾರಿಕೆ ನಿಂತಾಗ, ಹಾಕಿಸಿಕೊಂಡವರು ರಿಪೇರಿಗೆ ದಿಕ್ಕಿಲ್ಲದೆ ಉಳಿದರು. ನಿಮ್ಮವರಿಗೆ ಯಾರಿಗಾದರೂ ಡಾಕ್ಟರ್ ಇಂಥದ್ದು ಸೂಚಿಸಿದ್ದರೆ ಮೂರು ವಿಷಯ ಕೇಳಿ: ಬ್ಯಾಟರಿ ಎಷ್ಟು ವರ್ಷ ಬರುತ್ತದೆ, ಮುಂದೆ ಎಂಆರ್‌ಐ ಮಾಡಿಸಬಹುದೇ, ಬೇಡವೆನಿಸಿದರೆ ತೆಗೆಯಲು ಆಗುತ್ತದೆಯೇ.