ಸ್ಪ್ರಿಂಟ್ ಎರಡೇ ವಾರ, ಲೈನ್ ಕ್ಲಿಯರ್ ಸಿಗುವುದು ಯಾವಾಗಲೋ

ಪ್ರಶ್ನೆ: ವಿದ್ಯುತ್ ಕಂಪನಿ, ಎಂಜಿನಿಯರಿಂಗ್ ಕಾಲೇಜು, ಉಪಕರಣ ತಯಾರಕರು ಸೇರಿ ಒಂದು ಸಂಶೋಧನೆ ಕೈಗೊಂಡಿದ್ದೇವೆ. ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಕರಗಿದ ಅನಿಲಗಳಿಂದ ದೋಷವನ್ನು ಮುಂಚೆಯೇ ಗುರುತಿಸುವುದು ಗುರಿ. ಕೆಲಸವನ್ನು ಸಣ್ಣ ಕಂತುಗಳಲ್ಲಿ ಮುಗಿಸಿ, ತೋರಿಸಿ, ತಿದ್ದಿಕೊಳ್ಳುವ ಅಜೈಲ್ ಪದ್ಧತಿಯಂತೆ ಎರಡು ವಾರಕ್ಕೊಂದು ಸ್ಪ್ರಿಂಟ್ (ಕೆಲಸದ ಕಂತು) ಇಟ್ಟುಕೊಂಡೆವು. ಆರು ಸ್ಪ್ರಿಂಟ್ ಮುಗಿದರೂ ಸಬ್‌ಸ್ಟೇಷನ್‌ನಲ್ಲಿ ಒಂದು ಸೆನ್ಸರ್ ಕೂರಿಸಲಾಗಿಲ್ಲ. ಈ ಪದ್ಧತಿ ನಮ್ಮ ಕ್ಷೇತ್ರಕ್ಕೆ ಒಗ್ಗುವುದಿಲ್ಲವೇ?

ಉತ್ತರ: ಒಗ್ಗುತ್ತದೆ, ಆದರೆ ಅರ್ಧ ಕೆಲಸಕ್ಕೆ. ಡೇಟಾ ಸ್ವಚ್ಛಗೊಳಿಸುವುದು, ಅಲ್ಗಾರಿದಮ್, ಪರದೆಯ ವಿನ್ಯಾಸ ಇವನ್ನೆಲ್ಲ ಎರಡು ವಾರಕ್ಕೊಮ್ಮೆ ತೋರಿಸಿ ತಿದ್ದಬಹುದು. ವಾಲ್ವ್, ಪ್ಯಾನಲ್ ವೈರಿಂಗ್ ಮುಟ್ಟುವ ಕೆಲಸ ಲೈನ್ ಕ್ಲಿಯರ್ (ವಿದ್ಯುತ್ ಕಡಿತಗೊಳಿಸಿ ಕೆಲಸಕ್ಕೆ ಕೊಡುವ ಅನುಮತಿ) ಸಿಕ್ಕ ದಿನವೇ ಆಗಬೇಕು. ಹಾಗಾಗಿ ಮೊದಲು ವರ್ಷದ ನಿರ್ವಹಣಾ ವೇಳಾಪಟ್ಟಿ ತರಿಸಿಕೊಳ್ಳಿ. ಆ ದಿನಗಳನ್ನು ಗುರುತು ಹಾಕಿ, ಸ್ಪ್ರಿಂಟ್‌ಗಳನ್ನು ಅವುಗಳಿಂದ ಹಿಂದಕ್ಕೆ ಎಣಿಸಿ ಹೊಂದಿಸಿ.

ಒಂದು ಲೈನ್ ಕ್ಲಿಯರ್‌ನಲ್ಲೇ ಸೆನ್ಸರ್, ಅದರ ಪವರ್ ಸಪ್ಲೈ, ಸಂಪರ್ಕ ಕೇಬಲ್ ಮೂರೂ ಮುಗಿಯಬೇಕು. ಅದಕ್ಕೆ ಸೇವೆಯಿಂದ ತೆಗೆದ ಹಳೆಯ ಟ್ರಾನ್ಸ್‌ಫಾರ್ಮರ್ ಮೇಲೆ ಮೊದಲು ಅಭ್ಯಾಸ ಮಾಡಿ. ವಾಲ್ವ್ ಫ್ಲ್ಯಾಂಜ್‌ನ ಅಳತೆ, ಬೋಲ್ಟ್ ರಂಧ್ರಗಳ ಸಂಖ್ಯೆ ಹೊಂದದೆ, ಸೆನ್ಸರನ್ನು ವಾಲ್ವ್‌ಗೆ ಜೋಡಿಸುವ ಅಡಾಪ್ಟರ್ ವಾಪಸ್ ಹೋಗುವುದೇ ಹೆಚ್ಚು. ಎಣ್ಣೆ ಹರಿಯುವ ಜಾಗದ ವಾಲ್ವ್ ಆರಿಸಿ; ಎಣ್ಣೆ ನಿಂತಲ್ಲೇ ನಿಲ್ಲುವ ಮೂಲೆಯಲ್ಲಿ ಕೂರಿಸಿದರೆ ಅನಿಲ ಹೆಚ್ಚಾದದ್ದು ಸೆನ್ಸರ್‌ಗೆ ತಡವಾಗಿ ಗೊತ್ತಾಗುತ್ತದೆ. ಅಡಾಪ್ಟರ್‌ನೊಳಗಿನ ಗಾಳಿಯನ್ನು ಪೂರ್ತಿ ಹೊರಬಿಟ್ಟ ಮೇಲೆಯೇ ವಾಲ್ವ್ ತೆರೆಯಿರಿ. ಉಳಿದ ಗುಳ್ಳೆ ಮೇಲೇರಿ, ಎಣ್ಣೆಯಲ್ಲಿ ಅನಿಲ ಸೇರಿದರೆ ಎಚ್ಚರಿಸುವ ಬುಕೋಲ್ಜ್ ರಿಲೇಯ ಅಲಾರಂ ಹೊಡೆಸಬಹುದು. ಹಾಗೊಮ್ಮೆ ಆದರೆ ಸಬ್‌ಸ್ಟೇಷನ್ ಸಿಬ್ಬಂದಿ ನಿಮ್ಮನ್ನು ಮತ್ತೆ ಒಳಗೆ ಬಿಡುವುದು ಕಷ್ಟ. ಅಂದಹಾಗೆ, ಪ್ರತಿ ಸ್ಪ್ರಿಂಟ್ ಪರಿಶೀಲನೆಗೆ ಶಿಫ್ಟ್ ಎಂಜಿನಿಯರ್ ಒಬ್ಬರನ್ನು ಕರೆಯಿರಿ. ಮುಖ್ಯ ಕಚೇರಿಯ ಪ್ರತಿನಿಧಿ ಮಾತ್ರ ಬಂದರೆ ಸಾಲದು.

ಪ್ರಶ್ನೆ: ದೋಷ ಗುರುತಿಸುವ ನಮ್ಮ ಮಾಡೆಲ್ (ಡೇಟಾದಿಂದ ಕಲಿಯುವ ಪ್ರೋಗ್ರಾಂ) ಹಳೆಯ ದಾಖಲೆಗಳ ಮೇಲೆ ಶೇ. 98 ನಿಖರತೆ ತೋರಿಸುತ್ತಿದೆ. ಸಬ್‌ಸ್ಟೇಷನ್‌ನವರಿಗೆ ಮಾತ್ರ ನಂಬಿಕೆಯಿಲ್ಲ.

ಉತ್ತರ: ಅವರ ಅನುಮಾನ ಸರಿಯಾಗಿದೆ. 1000 ಟ್ರಾನ್ಸ್‌ಫಾರ್ಮರ್‌ಗಳಲ್ಲಿ 5 ಮಾತ್ರ ಕೆಟ್ಟಿದ್ದರೆ, ‘ಎಲ್ಲವೂ ಚೆನ್ನಾಗಿವೆ’ ಎನ್ನುವ ಪ್ರೋಗ್ರಾಂ ಕೂಡ ಶೇ. 99.5 ನಿಖರವೇ! ಕೆಟ್ಟವುಗಳಲ್ಲಿ ಎಷ್ಟು ಸಿಕ್ಕಿಬಿದ್ದವು, ತಿಂಗಳಿಗೆ ಎಷ್ಟು ಸುಳ್ಳು ಅಲಾರಂ ಬಂದವು ಎಂಬ ಎರಡು ಅಂಕಿ ಕೊಡಿ.

ಡೇಟಾ ಭಾಗ ಮಾಡಿದ್ದು ಹೇಗೆಂದೂ ನೋಡಿ. ಒಂದೇ ಟ್ರಾನ್ಸ್‌ಫಾರ್ಮರಿನ ಮಾದರಿಗಳು ಕಲಿಕೆಗೂ ಪರೀಕ್ಷೆಗೂ ಹಂಚಿಹೋಗಿದ್ದರೆ ಮಾಡೆಲ್ ದೋಷವನ್ನಲ್ಲ, ಆ ಟ್ರಾನ್ಸ್‌ಫಾರ್ಮರನ್ನು ಗುರುತು ಹಿಡಿಯುತ್ತಿರುತ್ತದೆ. ಟ್ರಾನ್ಸ್‌ಫಾರ್ಮರ್‌ವಾರು ಬೇರ್ಪಡಿಸಿ. ಇನ್ನೆರಡು ಕಡೆ ಎಡವುವುದುಂಟು. ಎಣ್ಣೆ ಫಿಲ್ಟರ್ ಮಾಡಿದ ಮೇಲೆ ಅನಿಲದ ಪ್ರಮಾಣ ದಿಢೀರನೆ ಇಳಿಯುತ್ತದೆ. ಆ ದಿನಾಂಕ ದಾಖಲೆಯಲ್ಲಿಲ್ಲದಿದ್ದರೆ ಮಾಡೆಲ್ ‘ಗುಣವಾಯಿತು’ ಎಂದುಕೊಳ್ಳುತ್ತದೆ. ವೋಲ್ಟೇಜ್ ಹೊಂದಿಸುವ ಟ್ಯಾಪ್ ಚೇಂಜರ್‌ನ ಎಣ್ಣೆ ಮುಖ್ಯ ಟ್ಯಾಂಕಿಗೆ ಜಿನುಗಿದರೆ, ಆರ್ಕಿಂಗ್ (ವಿದ್ಯುತ್ ಕಿಡಿ) ಸೂಚಿಸುವ ಅಸಿಟಿಲೀನ್ ಅನಿಲ ಏರುತ್ತದೆ, ವೈಂಡಿಂಗ್‌ನಲ್ಲಿ ಆರ್ಕಿಂಗ್ ಇಲ್ಲದಿದ್ದರೂ. ಇದನ್ನು ಬಿಡಿಸಿ ಹೇಳಬಲ್ಲವರು ನಿರ್ವಹಣಾ ಸಿಬ್ಬಂದಿಯೇ. ಡೇಟಾಗೆ ‘ದೋಷವಿದೆ’, ‘ಇಲ್ಲ’ ಎಂಬ ಲೇಬಲ್ ಹಾಕುವಾಗ ಅವರನ್ನು ಜೊತೆಗೆ ಕೂರಿಸಿಕೊಳ್ಳಿ.

ಪ್ರಶ್ನೆ: ಫಲಿತಾಂಶ ಯಾರ ಸ್ವತ್ತು ಎಂಬುದನ್ನು ಯಾವಾಗ ಬರೆದುಕೊಳ್ಳಬೇಕು?

ಉತ್ತರ: ಮೊದಲ ಡೇಟಾ ಫೈಲ್ ಕೈ ಬದಲಾಯಿಸುವ ಮುಂಚೆ. ಪ್ರತಿಯೊಬ್ಬರೂ ಮೊದಲೇ ತಂದದ್ದು ಏನೇನು ಎಂಬ ಪಟ್ಟಿ ಒಂದು, ಯೋಜನೆಯಲ್ಲಿ ಹುಟ್ಟಿದ್ದರ ಹಕ್ಕಿನ ಹಂಚಿಕೆ ಇನ್ನೊಂದು. ಸಾಮಾನ್ಯವಾಗಿ ವಿದ್ಯುತ್ ಕಂಪನಿಗೆ ಬಳಸುವ ಹಕ್ಕು, ತಯಾರಕರಿಗೆ ಮಾರುವ ಹಕ್ಕು, ಕಾಲೇಜಿಗೆ ಪ್ರಕಟಿಸುವ ಹಕ್ಕು ಸಾಕಾಗುತ್ತದೆ. ಪೇಟೆಂಟ್ ಯೋಚನೆಯಿದ್ದರೆ ಅರ್ಜಿ ಹಾಕಿದ ನಂತರವೇ ಪ್ರಬಂಧ ಹೊರಬರಲಿ, ಏಕೆಂದರೆ ಪ್ರಕಟವಾದದ್ದನ್ನು ಅನೇಕ ದೇಶಗಳಲ್ಲಿ ಹೊಸದೆಂದು ಒಪ್ಪುವುದಿಲ್ಲ. ಕಂತಿನ ಹಣವನ್ನು ನಾಸಾ ರೂಪಿಸಿದ 9 ಹಂತಗಳ ತಂತ್ರಜ್ಞಾನ ಸಿದ್ಧತಾ ಮಾಪಕಕ್ಕೆ ಕಟ್ಟುವುದಾದರೆ, ಪ್ರತಿ ಹಂತದ ಪುರಾವೆ ಏನೆಂದೂ ಬರೆಯಿರಿ. ಲ್ಯಾಬ್‌ನಲ್ಲಿ ನಡೆದದ್ದು 4ನೇ ಹಂತ; ಚಾಲೂ ಸಬ್‌ಸ್ಟೇಷನ್‌ನಲ್ಲಿ ಮಾದರಿ ಉಪಕರಣ ನಡೆದರೆ 7. ನಡುವಿನ 5, 6ರಲ್ಲೇ ಜಗಳ ಹುಟ್ಟುವುದು.

ಪ್ರಶ್ನೆ: ಹ್ಯಾಕಥಾನ್ (ಒಂದೆರಡು ದಿನದ ಕೋಡಿಂಗ್ ಸ್ಪರ್ಧೆ) ಮಾಡಿದರೆ ಉಪಯೋಗವಿದೆಯೇ?

ಉತ್ತರ: ಪರದೆ, ಡೇಟಾ ವಿಶ್ಲೇಷಣೆಗೆ ಇದೆ, ದೋಷ ಬಂದಾಗ ವಿದ್ಯುತ್ ಕಡಿಯಿಸುವ ರಿಲೇ ಸೆಟ್ಟಿಂಗ್‌ಗೆ ಖಂಡಿತ ಬೇಡ. ಗ್ರಾಹಕರ, ಸಬ್‌ಸ್ಟೇಷನ್‌ಗಳ ಹೆಸರು ಅಳಿಸಿದ ನಿಜ ಡೇಟಾ ಕೊಡಿ. ಗೆದ್ದ ಕೋಡನ್ನು ಮುಂದೆ ಯಾರು ನೋಡಿಕೊಳ್ಳುತ್ತಾರೆ, ಯಾವ ಲೆಕ್ಕದಿಂದ ಹಣ ಎಂಬುದು ಪ್ರಕಟಣೆಗೆ ಮೊದಲೇ ತೀರ್ಮಾನವಾಗಲಿ. ಇಲ್ಲದಿದ್ದರೆ ಉಳಿಯುವುದು ಬಹುಮಾನದ ಫೋಟೊ ಅಷ್ಟೇ.