ಪ್ರಶ್ನಾವಳಿಯೊಂದೇ ಸಾಲದು, ಕೆಲಸ ಕೊಟ್ಟು ನೋಡಿ

ಮಾಹಿತಿ ಹುಡುಕುವ ಕೌಶಲಕ್ಕೆ ವಿದ್ಯಾರ್ಥಿಗಳು ತಮಗೆ ತಾವೇ ಕೊಟ್ಟುಕೊಳ್ಳುವ ಅಂಕವನ್ನು ನಿಮ್ಮ ಪ್ರಬಂಧಕ್ಕೆ ಆಧಾರವಾಗಿ ಬಳಸಬಹುದೇ ಎಂದು ಕೇಳಿದ್ದೀರಿ. ಬಳಸಿ, ಆದರೆ ಅದನ್ನು ಆತ್ಮವಿಶ್ವಾಸದ ಅಳತೆ ಎಂದೇ ಕರೆಯಿರಿ. ಕೌಶಲವನ್ನು ಬೇರೆಯಾಗಿ, ಹುಡುಕುವ ಕೆಲಸ ಕೊಟ್ಟೇ ಅಳೆಯಬೇಕು.

ನಾನು ಕಾಲೇಜು ಗ್ರಂಥಪಾಲಕಿ. ಒಮ್ಮೆ ಮೊದಲ ವರ್ಷದ ತರಗತಿಗೆ, ಹಂಪಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ವರ್ಷವನ್ನು ಆಧಾರ ಸಮೇತ ಬರೆದು ತನ್ನಿ ಎಂದಿದ್ದೆ. 1986 ಎಂಬ ಸರಿಯುತ್ತರ ಬಹುತೇಕ ಎಲ್ಲ ಹಾಳೆಗಳಲ್ಲೂ ಇತ್ತು. ಆಧಾರವಾಗಿ ಹೆಚ್ಚಿನವರು ಬರೆದದ್ದು ಪ್ರವಾಸದ ಪ್ಯಾಕೇಜ್ ಮಾರುವ ಜಾಲತಾಣಗಳನ್ನು. ಯುನೆಸ್ಕೊದ ಪಟ್ಟಿಯನ್ನೇ ತೆರೆದು ನೋಡಿದವರು ಇಬ್ಬರು. "ಮೇಡಂ, ಉತ್ತರ ಸರಿಯಾಗಿಯೇ ಇದೆಯಲ್ಲ" ಎಂದಳು ಒಬ್ಬ ಹುಡುಗಿ. ಅದು ಅಹಂಕಾರದ ಮಾತಲ್ಲ. ಹುಡುಕಿದಾಗಲೆಲ್ಲ ಏನೋ ಒಂದು ಸಿಗುತ್ತದೆ, ಎಷ್ಟೋ ಸಲ ಸರಿಯಾಗಿಯೂ ಇರುತ್ತದೆ. ಒಮ್ಮೆಯೂ ಎಡವದವಳಿಗೆ ತನ್ನ ಹುಡುಕಾಟದ ಮೇಲೆ ಅನುಮಾನ ಹೇಗೆ ಬರಬೇಕು?

ಅಮೆರಿಕದ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಮೆಲಿಸ್ಸಾ ಗ್ರಾಸ್ ಮತ್ತು ಡಾನ್ ಲೇಥಮ್ ಹೊಸದಾಗಿ ಕಾಲೇಜು ಸೇರಿದವರಲ್ಲಿ ಇದನ್ನೇ ಪರಿಶೀಲಿಸಿದರು. ಮಾಹಿತಿ ಸಾಕ್ಷರತೆಯ, ಅಂದರೆ ಮಾಹಿತಿಯನ್ನು ಹುಡುಕಿ, ತೂಗಿ ನೋಡಿ ಬಳಸುವ ಕೌಶಲದ, ಪರೀಕ್ಷೆಯಲ್ಲಿ ಹಿಂದುಳಿದವರು ತಮ್ಮ ಮಟ್ಟವನ್ನು ಇರುವುದಕ್ಕಿಂತ ಬಹಳ ಹೆಚ್ಚಾಗಿ ಅಂದಾಜಿಸಿದ್ದರು. 1999ರಲ್ಲಿ ಮನೋವಿಜ್ಞಾನಿಗಳಾದ ಕ್ರೂಗರ್ ಮತ್ತು ಡನ್ನಿಂಗ್ ಮಂಡಿಸಿದ ವಾದ ಇದಕ್ಕೆ ಹಿನ್ನೆಲೆ: ಸರಿಯಾಗಿ ಮಾಡಲು ಬೇಕಾದ ತಿಳಿವಳಿಕೆಯೇ ತಪ್ಪನ್ನು ಗುರುತಿಸಲೂ ಬೇಕು. ಒಂದು ಎಚ್ಚರಿಕೆ. ತೀರಾ ಕಡಿಮೆ ಅಂಕದವರ ಅಂದಾಜು ತಪ್ಪಿದರೆ ಹೆಚ್ಚಾಗಿ ಮೇಲಕ್ಕೇ ತಪ್ಪುತ್ತದೆ, ಕೆಳಗೆ ಜಾಗವೇ ಇರುವುದಿಲ್ಲ. ಹಾಗಾಗಿ ಅಂತರದ ಒಂದು ಪಾಲು ಬರೀ ಲೆಕ್ಕದಿಂದ ಹುಟ್ಟಿದ್ದು ಎಂಬ ಆಕ್ಷೇಪವಿದೆ. ಮೌಖಿಕ ಪರೀಕ್ಷೆಯಲ್ಲಿ ನಿಮ್ಮನ್ನು ಇದನ್ನು ಕೇಳಬಹುದು.

ಕೆಲಸ ಹೇಗಿರಬೇಕು ಎಂಬುದಕ್ಕೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ 2016ರಲ್ಲಿ ಪ್ರಕಟಿಸಿದ ಅಧ್ಯಯನ ಒಳ್ಳೆಯ ಮಾದರಿ. ಅವರು ಶಾಲಾ ಮಕ್ಕಳ ಮುಂದೆ ಒಂದು ಸುದ್ದಿತಾಣದ ಮುಖಪುಟವನ್ನೇ ಇಟ್ಟರು. 'ಪ್ರಾಯೋಜಿತ' ಎಂದು ಬರೆದಿದ್ದರೂ ಶೇ 80ಕ್ಕೂ ಹೆಚ್ಚು ಮಕ್ಕಳು ಜಾಹೀರಾತನ್ನು ಸುದ್ದಿ ಎಂದೇ ನಂಬಿದರು.

ನೀವೂ ಹಾಗೆಯೇ ಮಾಡಿ. ಮೊದಲು ಅಂದಾಜು ಅಂಕ ಬರೆಸಿ, ಮೂರು ಸಣ್ಣ ಕೆಲಸ ಕೊಡಿ, ಆಮೇಲೆ ಮತ್ತೆ ಅಂದಾಜು ಕೇಳಿ. ಎರಡನೆಯ ಅಂದಾಜು ಇಳಿಯಿತೇ ಎಂಬುದೇ ನನಗೆ ಅತ್ಯಂತ ಮುಖ್ಯವಾಗಿ ಕಾಣುತ್ತದೆ. ಇದು ಆಂತರಿಕ ಅಂಕಕ್ಕೆ ಸೇರುವುದಿಲ್ಲ ಎಂದು ಮೊದಲೇ ತಿಳಿಸಿ. ಹೆಸರಿನ ಬದಲು ಪ್ರತಿಯೊಬ್ಬರಿಂದಲೂ ಅವರವರ ಎಲ್ಲ ಹಾಳೆಗಳಲ್ಲೂ ಅವರದೇ ಒಂದು ಸಂಖ್ಯೆ ಬರೆಸಿ, ಇಲ್ಲದಿದ್ದರೆ ಯಾರ ಅಂದಾಜು ಯಾರ ಅಂಕಕ್ಕೆ ಸೇರಿದ್ದು ಎಂದು ಜೋಡಿಸಲಾಗುವುದಿಲ್ಲ.