ಮೇಷ್ಟ್ರೇ, ಗುಟ್ಟು ಕಡತದಲ್ಲಿದೆ

ರಾಜಾಜಿನಗರದಿಂದ ನಿವೃತ್ತ ಗಣಿತ ಮೇಷ್ಟ್ರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಸಾರ ಇಷ್ಟು. ನಮ್ಮ ಹೋದ ಸಂಚಿಕೆಯ ಮುಖಪುಟದಲ್ಲಿ ನಟಿಯೊಬ್ಬರು ಒಂದು ಕಣ್ಣಿಗೆ ಕೈ ಅಡ್ಡ ಹಿಡಿದಿದ್ದಾರೆ. ಅದು ‘ಇಲ್ಯುಮಿನಾಟಿ’ ಎಂಬ ಗುಪ್ತ ಕೂಟದ ಗುರುತು ಎಂದು ಮೊಮ್ಮಗಳು ಮೊಬೈಲಿನಲ್ಲಿ ತೋರಿಸಿದಳಂತೆ. ದೊಡ್ಡ ಸ್ಟಾರ್ ಆಗಬೇಕಾದರೆ ಆ ಕೂಟಕ್ಕೆ ಸೇರಲೇಬೇಕು, ಎದುರು ಹಾಕಿಕೊಂಡವರು ಸಣ್ಣ ವಯಸ್ಸಿಗೇ ಸಾಯುತ್ತಾರೆ, ಪುನೀತ್ ರಾಜ್‌ಕುಮಾರ್ ಸಾವೂ ಸಹಜವಲ್ಲ ಎಂಬುದು ಅವರ ಅನುಮಾನ. “ಜಗತ್ತನ್ನು ಆಳುತ್ತಿರುವುದು ಬೆರಳೆಣಿಕೆಯ ಮನೆತನಗಳು. ನಿಮ್ಮ ಪತ್ರಿಕೆ ಯಾಕೆ ಬಾಯಿ ಮುಚ್ಚಿಕೊಂಡಿದೆ?” ಎಂದು ಕೇಳಿದ್ದಾರೆ.

ಮೇಷ್ಟ್ರೇ, ನಮಸ್ಕಾರ. ಮೊದಲು ಮುಖಪುಟದ ವಿಷಯ ಮುಗಿಸಿಬಿಡೋಣ. ಆ ಫೋಟೋ ತೆಗೆಯುವಾಗ ನಾನೂ ಅಲ್ಲೇ ಇದ್ದೆ. ಕಬ್ಬನ್ ಪಾರ್ಕು, ಬೆಳಿಗ್ಗೆ ಎಂಟು ಗಂಟೆ. ಬಿದಿರು ಮೆಳೆಯ ಸಂದಿಯಿಂದ ಬಿಸಿಲು ನೇರ ಅವರ ಎಡಗಣ್ಣಿಗೆ ಬೀಳುತ್ತಿತ್ತು. ಕೈ ಅಡ್ಡ ಹಿಡಿದರು, ನಕ್ಕರು, ಅಷ್ಟರಲ್ಲಿ ಫೋಟೋ ಆಗಿಹೋಯಿತು. ಅವತ್ತು ತೆಗೆದ ನಲವತ್ತರಲ್ಲಿ ಅದೊಂದರಲ್ಲೇ ನಗು ತಾನಾಗಿ ಬಂದಿತ್ತು. ಅದಕ್ಕೇ ಅದನ್ನು ಆರಿಸಿದೆ.

ಅನುಮಾನ ಪಡುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ದೊಡ್ಡವರು ಸೇರಿ ಗುಟ್ಟು ಮಾಡುವುದು ಇದ್ದೇ ಇದೆ. ಅಮೆರಿಕದ ಟಸ್ಕೆಗಿಯಲ್ಲಿ ಸಿಫಿಲಿಸ್ ಬಂದಿದ್ದ ಬಡ ಕಪ್ಪು ಜನರಿಗೆ ಸರಿಯಾದ ಚಿಕಿತ್ಸೆ ಕೊಡದೆ, ರೋಗ ಏನು ಮಾಡುತ್ತದೆ ಎಂದು ಸರ್ಕಾರಿ ವೈದ್ಯರೇ 1932ರಿಂದ 1972ರವರೆಗೆ ನೋಡುತ್ತಾ ಕೂತರು. ಇಲ್ಲಿಯವರೆಗೆ ನಿಮ್ಮ ಜೊತೆ ಬರುತ್ತೇನೆ. ಇದರಾಚೆ ಬರಲಾರೆ.

ನೀವು ಇಲ್ಯುಮಿನಾಟಿಯ ವಿಡಿಯೋ ನೋಡಿದ್ದೀರಿ, ಅದರ ಚರಿತ್ರೆ ಓದಿಲ್ಲ. ಮೂವತ್ತು ವರ್ಷ ಮಕ್ಕಳಿಗೆ “ಉತ್ತರ ಸಾಲದು, ಹಂತ ತೋರಿಸು” ಅಂದವರು ನೀವು. ಸರಿಯಾ ಇದು? ಕೂಟ ಇದ್ದದ್ದು ನಿಜ. 1776ರ ಮೇ 1ರಂದು ಈಗಿನ ಜರ್ಮನಿಯ ಬವೇರಿಯಾದ ಇಂಗೊಲ್‌ಸ್ಟಾಟ್ ಊರಿನಲ್ಲಿ ಆಡಮ್ ವೈಸ್‌ಹೌಪ್ಟ್ ಎಂಬ ಕಾನೂನು ಪ್ರೊಫೆಸರ್ ಅದನ್ನು ಕಟ್ಟಿದರು. ಮೂಢನಂಬಿಕೆಯಿಂದ, ಪಾದ್ರಿಗಳ ಹಿಡಿತದಿಂದ ಜನರನ್ನು ಬಿಡಿಸಬೇಕು ಅನ್ನುವುದು ಅವರ ಆಸೆ. ಹತ್ತು ವರ್ಷವೂ ನೆಟ್ಟಗೆ ಬಾಳಲಿಲ್ಲ. 1784 ಮತ್ತು 1785ರಲ್ಲಿ ಅಲ್ಲಿನ ದೊರೆ ನಿಷೇಧ ಹಾಕಿದ. ಸದಸ್ಯರ ಮನೆ ಜಾಲಾಡಿ ಸಿಕ್ಕಿದ ಪತ್ರಗಳನ್ನು 1787ರಲ್ಲಿ ಸರ್ಕಾರವೇ ಅಚ್ಚು ಹಾಕಿಸಿ ಹೊರಗೆ ಬಿಟ್ಟಿತು. ತನ್ನ ಮನೆಯ ಕಾಗದವನ್ನೇ ಬಚ್ಚಿಡಲು ಬರದ ಕೂಟ, ಅಲ್ಲಿಂದ ಇಲ್ಲಿಯವರೆಗೆ ಯಾರಿಗೂ ಸಿಗದೆ ಜಗತ್ತು ಆಳುತ್ತಿದೆ ಅಂದರೆ ನಾನು ಹೇಗೆ ನಂಬಲಿ?

ಆ ಕೂಟದ ಗುರುತು ಅಂತ ವಿಡಿಯೋಗಳಲ್ಲಿ ತೋರಿಸುವುದನ್ನೂ ನೋಡೋಣ. ಡಾಲರ್ ನೋಟಿನ ಕಣ್ಣು, ಪಿರಮಿಡ್ಡು ಅಮೆರಿಕದ 1782ರ ಸರ್ಕಾರಿ ಮುದ್ರೆಯದು. ಒಂದು ಡಾಲರ್ ನೋಟಿಗೆ ಬಂದದ್ದು 1935ರಲ್ಲಿ. ಗಾಯಕ ಜೇ-ಝೀ ಎರಡೂ ಕೈ ಸೇರಿಸಿ ತೋರಿಸುವ ಆಕಾರ ಅವರದೇ ರೆಕಾರ್ಡ್ ಕಂಪನಿಯ ವಜ್ರದ ಗುರುತು. ಅವರ ಹೆಂಡತಿ ಬಿಯಾನ್ಸೆ 2013ರಲ್ಲಿ ನ್ಯೂ ಆರ್ಲಿಯನ್ಸ್ ಸ್ಟೇಡಿಯಮ್ಮಿನಲ್ಲಿ, ಅಮೆರಿಕನ್ ಫುಟ್‌ಬಾಲ್ ಪಂದ್ಯದ ವಿರಾಮದಲ್ಲಿ ಹಾಡುವಾಗ ಅದೇ ಆಕಾರ ತೋರಿಸಿದರು. ಸ್ವಲ್ಪ ಹೊತ್ತಿಗೆ ಕರೆಂಟು ಹೋಗಿ, ಆಟ ಅರ್ಧ ಗಂಟೆಗಿಂತ ಜಾಸ್ತಿ ನಿಂತಿತು. ಕೂಟದ್ದೇ ಕೈವಾಡ ಅಂತ ಸುದ್ದಿ ಹಬ್ಬಿತು. ಆಮೇಲೆ ನೋಡಿದರೆ ಕಾರಣ ವಿದ್ಯುತ್ ರಿಲೇ ಉಪಕರಣ.

ಈಗ ಅಪ್ಪು ವಿಷಯ. ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ನೋವಾದದ್ದು ಇಲ್ಲಿ. 2021ರ ಅಕ್ಟೋಬರ್ 29. ನಲವತ್ತಾರು ವಯಸ್ಸು. ಬೆಳಿಗ್ಗೆ ಚೆನ್ನಾಗಿದ್ದ ಮನುಷ್ಯ ಮಧ್ಯಾಹ್ನಕ್ಕೆ ಇಲ್ಲ. ಕಂಠೀರವ ಸ್ಟೇಡಿಯಮ್ಮಿನ ಸಾಲಿನಲ್ಲಿ ನಾನೂ ನಿಂತಿದ್ದೆ. ಮುಂದೆ ನಿಂತಿದ್ದ ಆಟೋ ಡ್ರೈವರ್ ಖಾಕಿ ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ “ಸಾರ್, ಇದು ಹೆಂಗೆ ಆಗತ್ತೆ?” ಅಂತ ಅದನ್ನೇ ಮತ್ತೆ ಮತ್ತೆ ಕೇಳುತ್ತಿದ್ದ. ಅವನ ಪ್ರಶ್ನೆ ನನಗೆ ಅರ್ಥವಾಗುತ್ತದೆ. ಕಟೌಟಿಗೆ ಹಾರ ಹಾಕಿ, ಹಾಲಿನ ಅಭಿಷೇಕ ಮಾಡಿ ನಾವೇ ದೇವರು ಮಾಡಿದ್ದೇವೆ. ದೇವರಿಗೆ ಹೃದಯಾಘಾತ ಆಗುತ್ತೆ ಅಂದರೆ ಮನಸ್ಸು ಒಪ್ಪುವುದಿಲ್ಲ. ಯಾರೋ ಏನೋ ಮಾಡಿರಬೇಕು ಅನ್ನಿಸುತ್ತದೆ. ಒಬ್ಬರು ಜಿಮ್ ಅಂದರು, ಒಬ್ಬರು ಲಸಿಕೆ ಅಂದರು, ನೀವು ಗುಪ್ತ ಕೂಟ ಅನ್ನುತ್ತಿದ್ದೀರಿ. ಕಣ್ಣಿನ ಗುರುತಿನ ಬಗ್ಗೆ ಒಂದು ಪುಟ ಬರೆದಿದ್ದೀರಲ್ಲ, ಅಪ್ಪು ಕಣ್ಣಿನ ಬಗ್ಗೆ ಒಂದು ಸಾಲೂ ಇಲ್ಲ. ಅವರು ದಾನ ಕೊಟ್ಟ ಎರಡು ಕಣ್ಣಿನ ಪದರ ಬಿಡಿಸಿ ನಾಲ್ಕು ಜನಕ್ಕೆ ದೃಷ್ಟಿ ಕೊಟ್ಟರು. ಅದಾದ ಮೇಲೆ ನೇತ್ರದಾನಕ್ಕೆ ಹೆಸರು ಬರೆಸಲು ಜನ ಮುಗಿಬಿದ್ದರು. ಮೊಮ್ಮಗಳಿಗೆ ದಯವಿಟ್ಟು ಇದನ್ನೂ ಹೇಳಿ.

“ಸುಮ್ನೆ ನೋಡ್ತೀವಿ, ಅದರಿಂದ ಯಾರಿಗೆ ನಷ್ಟ?” ಎಂದು ನೀವು ಕೇಳಬಹುದು. ಕೆಲವು ಕಥೆಗಳಿಂದ ನಷ್ಟವಿಲ್ಲ, ಒಪ್ಪುತ್ತೇನೆ. ತೊಂಬತ್ತರ ದಶಕದಲ್ಲಿ ದೆವ್ವ ಮನೆಯವರ ದನಿಯಲ್ಲೇ ಕರೆದು ಬಾಗಿಲು ಬಡಿಯುತ್ತೆ ಅಂತ ಸುದ್ದಿ ಹಬ್ಬಿದಾಗ, ನಮ್ಮಮ್ಮನೂ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆದಿದ್ದರು. ಮಳೆಗೆ ಅಳಿಸಿಹೋದರೆ ಮತ್ತೆ ಬರೆಯೋರು. ಅದರಿಂದ ಯಾರಿಗೂ ಕೇಡಾಗಲಿಲ್ಲ. ಆದರೆ ಗುಪ್ತ ಕೂಟದ ಕಥೆಗೆ ಒಬ್ಬ ಶತ್ರು ಬೇಕು. 1903ರಲ್ಲಿ ರಷ್ಯಾದ ಪತ್ರಿಕೆಯೊಂದು, ಯಹೂದಿ ಹಿರಿಯರು ಜಗತ್ತು ಆಳಲು ಹೂಡಿದ ಸಂಚು ಎಂದು ಒಂದು ದಾಖಲೆ ಪ್ರಕಟಿಸಿತು. ಅದು ಹಳೆಯ ಫ್ರೆಂಚ್ ಪುಸ್ತಕದಿಂದ ಕದ್ದು ಹೆಣೆದ ಸುಳ್ಳು ಎಂದು 1921ರಲ್ಲೇ ಲಂಡನ್ನಿನ ‘ಟೈಮ್ಸ್’ ಸಾಲು ಸಾಲು ಇಟ್ಟು ತೋರಿಸಿತು. ಆದರೂ ಹಿಟ್ಲರನ ಜನ ಅದನ್ನೇ ಹಂಚಿದರು. ಮುಂದಿನದು ನಿಮಗೇ ಗೊತ್ತು.

ಅಷ್ಟು ದೂರ ಹೋಗುವುದೂ ಬೇಡ. 2012ರ ಆಗಸ್ಟ್‌ನಲ್ಲಿ ನಮ್ಮ ಸಿಟಿ ರೈಲ್ವೆ ಸ್ಟೇಷನ್ನಿಗೆ ಹೋಗಿದ್ದೆ. ಈಶಾನ್ಯ ರಾಜ್ಯಗಳ ಸಾವಿರಾರು ಹುಡುಗ ಹುಡುಗಿಯರು ಊರು ಬಿಟ್ಟು ಹೊರಟಿದ್ದರು. ಗುವಾಹಟಿಗೆ ವಿಶೇಷ ರೈಲು ಬಿಟ್ಟಿದ್ದರು. ಹೋಟೆಲಿನಲ್ಲಿ ಕೆಲಸಕ್ಕಿದ್ದ ಹುಡುಗನೊಬ್ಬ ಕಂಕುಳಲ್ಲಿ ಕುಕ್ಕರ್ ಅವುಚಿಕೊಂಡು ನಿಂತಿದ್ದ. ಕುಕ್ಕರಿನೊಳಗೆ ಬಟ್ಟೆ ತುರುಕಿದ್ದ. ಯಾರಪ್ಪ ಹೆದರಿಸಿದ್ದು ಅಂದೆ. “ನಮ್ಮೋರ ಮೇಲೆ ದಾಳಿ ಆಗತ್ತೆ ಅಂತ ಮೆಸೇಜ್ ಬಂದಿದೆ” ಅಂದ. ಅವನಿಗೆ ಯಾರೂ ಏನೂ ಮಾಡಿರಲಿಲ್ಲ. 2018ರ ಮೇ ತಿಂಗಳಲ್ಲಿ ಚಾಮರಾಜಪೇಟೆಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸಾಪ್ ಸುದ್ದಿ ನಂಬಿ ರಾಜಸ್ಥಾನದ ಯುವಕನೊಬ್ಬನನ್ನು ಹೊಡೆದು ಕೊಂದೇಬಿಟ್ಟರು. ಹೊಡೆದವರೂ ಮಕ್ಕಳ ಮೇಲಿನ ಪ್ರೀತಿಯಿಂದಲೇ ಆ ಸುದ್ದಿ ಹಂಚಿಕೊಂಡಿದ್ದಿರಬಹುದು. ನಿಮ್ಮ ಹಾಗೇ, ನಿಮ್ಮ ಮೊಮ್ಮಗಳ ಹಾಗೇ.

ಪರೀಕ್ಷೆ ಮಾಡಿ ನೋಡುವ ಗುಣ ಈ ಊರಿಗೆ ಹೊಸದಲ್ಲ ಮೇಷ್ಟ್ರೇ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡ ಪರೀಕ್ಷೆಗೇ ಒಂದು ಸಮಿತಿ ಮಾಡಿದರು. ಬರಿಗೈಯಿಂದ ವಿಭೂತಿ ತರಿಸುವ ಪವಾಡಪುರುಷರಿಗೆ, ವಿಭೂತಿ ಬೇಡ, ಮುಷ್ಟಿಯಲ್ಲಿ ಅಡಗದ ಒಂದು ಕುಂಬಳಕಾಯಿ ತರಿಸಿ ಅಂದರು. ಬಸವನಗುಡಿ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಬಾಳಿದ ಮನುಷ್ಯ. ಅವರ ಊರಿನಲ್ಲಿ ಇವತ್ತು ಒಂದು ನಿಮಿಷದ ವಿಡಿಯೋಗೆ ಯಾರೂ ಕುಂಬಳಕಾಯಿ ಕೇಳುವುದಿಲ್ಲ.

ನಿಜವಾದ ಪಿತೂರಿ ಹಿಡಿದ ಬಗೆ ಹೇಳಲಾ? 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟರು. ಬಂದರಿನಿಂದ ಹಡಗೇರಿದ ಅದಿರು ಎಷ್ಟು, ಪರ್ಮಿಟ್ ಇದ್ದದ್ದು ಎಷ್ಟಕ್ಕೆ ಎಂದು ಅಧಿಕಾರಿಗಳು ಕೂತು ತಾಳೆ ನೋಡಿದ್ದರು. ಕಳೆಯುವ ಲೆಕ್ಕ ಮೇಷ್ಟ್ರೇ, ನಿಮ್ಮ ಮೂರನೇ ಕ್ಲಾಸಿನ ಲೆಕ್ಕ. ನಷ್ಟ 16 ಸಾವಿರ ಕೋಟಿ ರೂಪಾಯಿ ಎಂದು ಬಂತು. ವರದಿ ಬಂದ ಕೆಲವೇ ದಿನಕ್ಕೆ ಮುಖ್ಯಮಂತ್ರಿ ರಾಜೀನಾಮೆ ಕೊಡಬೇಕಾಯಿತು. ಆ ವರದಿಯಲ್ಲಿ ಯಾರೂ ಕಣ್ಣಿಗೆ ಕೈ ಹಿಡಿದಿಲ್ಲ. ಲಾರಿ ನಂಬರ್ ಇದೆ, ರಸೀದಿ ಇದೆ, ತೂಕ ಇದೆ. ನನಗೆ ಸಂಕಟ ಆಗುವುದು ಇದಕ್ಕೇ. ಹಾಗೆ ಓದುವ ಜನ ಕಡಿಮೆಯಾಗುತ್ತಿದ್ದಾರೆ. ಓದಬಲ್ಲ ನಿಮ್ಮಂಥವರು ನಟಿಯರ ಬೆರಳು ಎಣಿಸುತ್ತಾ ಕೂತರೆ ಕೆರೆ ನುಂಗಿದವರಿಗೆ ಅದಕ್ಕಿಂತ ನೆಮ್ಮದಿ ಬೇರೆ ಬೇಕಾ?

ಎರಡು ವರ್ಷದ ಹಿಂದೆ ಒಂದು ರಾಜಕಾಲುವೆಯ ಹಳೆ ನಕ್ಷೆ ಕೇಳಿಕೊಂಡು ಸರ್ಕಾರಿ ಕಚೇರಿಯೊಂದಕ್ಕೆ ಅಲೆದೆ. ಏಳು ಸಲವೂ “ನಾಳೆ ಬನ್ನಿ” ಅಂದರು. ಕೊನೆಗೆ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ನಕ್ಷೆ ಬಂತು. ಕಾಲುವೆಯ ಗೆರೆ ಈಗಿನ ಅಪಾರ್ಟ್‌ಮೆಂಟೊಂದರ ಕಾರ್ ಪಾರ್ಕಿಂಗ್ ಮಧ್ಯೆ ಹಾದುಹೋಗುತ್ತದೆ. ಮಳೆಗಾಲದಲ್ಲಿ ಅದರ ಹಿಂದಿನ ಬೀದಿಯವರು ಬಕೆಟ್ ಹಿಡಿದು ನೀರು ಎತ್ತಿಹಾಕುತ್ತಾರೆ.

ನಿಮ್ಮ ಪತ್ರದ ಕೊನೆಯಲ್ಲಿ, ಅಂಚಿನಲ್ಲಿ, ಒಂದು ಸಾಲು ಬರೆದಿದ್ದೀರಿ. ಜೋರು ಮಳೆ ಬಂದರೆ ಮೋರಿ ನೀರು ನಿಮ್ಮ ಅಡುಗೆಮನೆಗೆ ನುಗ್ಗುತ್ತದೆ, ಹತ್ತು ವರ್ಷದ ಹಿಂದೆ ಹೀಗಿರಲಿಲ್ಲ ಅಂತ. ನಾಲ್ಕು ಪುಟದಲ್ಲಿ ನನಗೆ ಬೇಕಾದ ಪತ್ರ ಆ ಒಂದು ಸಾಲು. ಮಾಹಿತಿ ಹಕ್ಕಿನ ಅರ್ಜಿ ನಮ್ಮ ರಾಜ್ಯದಲ್ಲಿ 150 ಪದ ದಾಟುವಂತಿಲ್ಲ, ಒಂದೇ ವಿಷಯ ಕೇಳಬೇಕು. ನಿಮ್ಮ ಮೋರಿಯ ನೀರು ಯಾವ ಕಾಲುವೆಗೆ ಸೇರಬೇಕಿತ್ತು, ಆ ಕಾಲುವೆಯ ನಕ್ಷೆ ಕೊಡಿ ಎಂದು ಬರೆಯಿರಿ. ಮೊಮ್ಮಗಳ ಕೈಯಲ್ಲೇ ಬರೆಸಿ. ಉತ್ತರ ಬಂದ ದಿನ ನನಗೆ ಫೋನ್ ಮಾಡಿ. ನಕ್ಷೆ ಹಿಡಿದುಕೊಂಡು ಮೂವರೂ ಆ ಮೋರಿಯ ಉದ್ದಕ್ಕೂ ನಡೆಯೋಣ.